ಕಾರು ಒರಸುವ ಬಟ್ಟೆ



ಇವತ್ತು ನಾನು ಹೇಳಬೇಕೆಂದಿರುವುದು ಒಂದು ಬಟ್ಟೆಯ ವಿಷಯ. ಉಡುವ ಬಟ್ಟೆಯಲ್ಲ, ಹೊದೆಯುವ ಬಟ್ಟೆಯಲ್ಲ, ಒರಸುವ ಬಟ್ಟೆ. ಮನೆಯ ಬಟ್ಟೆಗಳಲ್ಲಿ ಎಲ್ಲಕ್ಕಿಂತ ಕೆಳಗಿನ ಸ್ಥಾನ ಅದರದು. ಪಂಚೆಯಾಗಿ ಹುಟ್ಟಿ, ಚೌಕವಾಗಿ ಬಾಳಿ, ಮಸಿಬಟ್ಟೆಯಾಗಿ ಮುಪ್ಪಾಗಿ, ಕೊನೆಗೆ ಬಕೆಟ್ಟಿನ ಅಂಚಿನಲ್ಲಿ ನೇತಾಡುತ್ತ ಪ್ರಾಣ ಬಿಡುವುದು ಅದರ ಹಣೆಬರಹ. ಅಂಥದರ ವಿಷಯದಲ್ಲಿ ಮಾತನಾಡುವುದೇನಿದೆ ಎಂದು ನಾನೂ ಎಣಿಸಿದ್ದೆ. ಒಂದು ಸಣ್ಣ ಪ್ರಸಂಗ ನಡೆದು ನನ್ನ ಎಣಿಕೆ ತಪ್ಪಾಯಿತು.

ಮಾಘದ ಒಂದು ಸಂಜೆ. ಬಸವೇಶ್ವರನಗರದ ನಮ್ಮ ಮನೆಯ ಮುಂದೆ, ಹೊಂಗೆಯ ಮರದ ಕೆಳಗೆ, ಕಾರು ನಿಂತಿತ್ತು. ಕಡುನೀಲಿ ಬಣ್ಣದ ಕಾರು. ಕೊಂಡು ಇನ್ನೂ ಮೂರು ವರ್ಷ ತುಂಬಿರಲಿಲ್ಲ. ಎದುರುಮನೆಯ ರಾಯರು ಕಾಫಿಗೆಂದು ಬಂದವರು ಗೇಟಿನ ಬಳಿಯೇ ನಿಂತುಬಿಟ್ಟರು. "ಏನ್ರೀ, ಕಾರಿನ ಮೇಲೆ ಜೇಡ ಬಲೆ ಕಟ್ಟಿದೆಯಲ್ಲ!" ಎಂದರು. ತಮಾಷೆಯೆಂದುಕೊಂಡು ಹೋಗಿ ನೋಡಿದೆ. ಇಳಿಬಿಸಿಲು ಬಾನೆಟ್ಟಿನ ಮೇಲೆ ಬಿದ್ದಿತ್ತು. ಆ ಬಿಸಿಲಿನ ಬಿಂಬದ ಸುತ್ತ ನೂರಾರು ನವುರಾದ ಗೆರೆಗಳು, ಸುತ್ತು ಸುತ್ತಾಗಿ, ನಿಜಕ್ಕೂ ಜೇಡರ ಬಲೆಯಂತೆಯೇ ಮಿನುಗುತ್ತಿದ್ದವು. ಬೆರಳಿನಿಂದ ಒರಸಿದೆ, ಹೋಗಲಿಲ್ಲ. ಅದು ಕೊಳೆಯಲ್ಲ, ಗೀರು.

ಮಾರನೆಯ ಬೆಳಗ್ಗೆ ಐದೂವರೆಗೆ ಎದ್ದು ಬಾಗಿಲಲ್ಲಿ ಕುಳಿತೆ. ನಮ್ಮ ಬೀದಿಯ ಹತ್ತು ಹನ್ನೆರಡು ಕಾರುಗಳನ್ನು ಒರಸುವ ಹುಡುಗನೊಬ್ಬನಿದ್ದಾನೆ, ಮಾಗಡಿಯ ಕಡೆಯವನು. ಬೆಳಕು ಹರಿಯುವ ಮುನ್ನ ಬಂದು, ಏಳೂವರೆಗೆ ಕೆಲಸ ಮುಗಿಸಿ, ಅಲ್ಲಿಂದ ಇನ್ನೊಂದು ಕೆಲಸಕ್ಕೆ ಹೋಗುತ್ತಾನೆ. ಅವನು ಬಂದೊಡನೆ ನಾನು ಆರಂಭಿಸಿದೆ. "ಏನಪ್ಪ, ಕಾರನ್ನು ಹೀಗಾ ಉಜ್ಜೋದು? ಕಣ್ಣು ಬೇಡವೇ? ಇಷ್ಟು ದಿನ ನಂಬಿ ಬಿಟ್ಟದ್ದಕ್ಕೆ ಇದೇನಾ ಫಲ?" ಎಂದು ಒಂದೇ ಉಸಿರಿನಲ್ಲಿ ಆಡಬಾರದ್ದನ್ನೂ ಆಡಿದೆ. ಅವನು ಎದುರಾಡಲಿಲ್ಲ. ಕೈಯಲ್ಲಿದ್ದ ಬಟ್ಟೆಯನ್ನು ನನ್ನ ಮುಂದೆ ಬಿಡಿಸಿ ಹಿಡಿದು, "ನೋಡಿ ಸಾರ್, ಅಮ್ಮಾವ್ರು ಕೊಟ್ಟಿದ್ದು ಇದೇ ಬಟ್ಟೆ. ಹೋದ ವರ್ಷದ ಯುಗಾದಿಗೆ ಕೊಟ್ರು. ಬೇರೆ ಕೊಟ್ರೆ ಬೇರೇದ್ರಲ್ಲಿ ಒರಸ್ತೀನಿ" ಎಂದ.

ಬಟ್ಟೆಯನ್ನು ಗುರುತಿಸಿದೆ. ಅದು ನನ್ನದೇ ಹಳೆಯ ಸ್ನಾನದ ಟವೆಲ್ಲಿನ ಅರ್ಧ ಭಾಗ. ಎಳೆ ಸವೆದು ಗೋಣಿಯಂತೆ ಬಿರುಸಾಗಿತ್ತು. ಅದರಲ್ಲೇ ಚಕ್ರ, ಅದರಲ್ಲೇ ಗಾಜು, ಅದರಲ್ಲೇ ಬಾನೆಟ್ಟು. ನೀರು ಅರ್ಧ ಬಕೆಟ್ಟು. ಹಿಂಡಿದರೆ ಬೀಳುತ್ತಿದ್ದದ್ದು ನೀರಲ್ಲ, ಕೆಮ್ಮಣ್ಣಿನ ಗೊಜ್ಜು. ನನ್ನ ಬಾಯಿ ಕಟ್ಟಿತು. ಲಕ್ಷಗಟ್ಟಲೆ ಕೊಟ್ಟು ಕಾರು ತಂದವನು ನಾನು. ಅದನ್ನು ಒರಸಲು ಹರಿದ ಟವೆಲ್ಲು ಕೊಟ್ಟವನೂ ನಾನು. ಬೈಸಿಕೊಂಡವನು ಮಾತ್ರ ಅವನು. ಆ ದಿನದಿಂದ ಈ ಬಟ್ಟೆಯ ವಿಷಯವನ್ನು ಸ್ವಲ್ಪ ವಿಚಾರಿಸತೊಡಗಿದೆ. ತಿಳಿದದ್ದನ್ನು ನಿಮ್ಮ ಮುಂದಿಡುತ್ತೇನೆ.

ಮೊದಲು ಆ ಗೀರುಗಳ ಕಥೆ. ಈಗಿನ ಕಾರುಗಳ ಮೈಮೇಲೆ ಬಣ್ಣವಷ್ಟೇ ಇರುವುದಿಲ್ಲ. ಬಣ್ಣದ ಮೇಲೆ ಗಾಜಿನಂತೆ ತಿಳಿಯಾದ ಇನ್ನೊಂದು ಲೇಪವಿರುತ್ತದೆ. ಹೊಳಪೆಲ್ಲ ಆ ಲೇಪದ್ದು. ಅದರ ದಪ್ಪ ಸಾಮಾನ್ಯವಾಗಿ ೪೦ರಿಂದ ೫೦ ಮೈಕ್ರಾನು. ಮೈಕ್ರಾನ್ ಎಂದರೆ ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ನಮ್ಮ ತಲೆಯ ಕೂದಲು ಬಹುಮಟ್ಟಿಗೆ ಇದಕ್ಕಿಂತ ದಪ್ಪ. ಇನ್ನು ನಮ್ಮ ಊರಿನ ಧೂಳನ್ನು ನೋಡಿ. ಬೆಂಗಳೂರು ಕುಳಿತಿರುವುದು ಬಹು ಹಳೆಯ ನೈಸ್ ಬಂಡೆಯ ಮೇಲೆ. ಆ ಬಂಡೆ ಸವೆದು ಮಣ್ಣಾದಾಗಲೂ ಅದರೊಳಗಿನ ಬೆಣಚು, ಅಂದರೆ ಕ್ವಾರ್ಟ್ಜ್ ಕಲ್ಲಿನ ಕಣ, ಸವೆಯದೆ ಉಳಿಯುತ್ತದೆ. ಖನಿಜಗಳ ಗಡಸುತನವನ್ನು ಒಂದರಿಂದ ಹತ್ತರವರೆಗೆ ಅಳೆಯುವ ಮೋಸ್ ಮಾಪನದಲ್ಲಿ ಕ್ವಾರ್ಟ್ಜಿಗೆ ಏಳನೆಯ ಸ್ಥಾನ. ಉಕ್ಕಿನ ಚಾಕುವಿಗೂ ಗೀರು ಹಾಕುವ ಕಲ್ಲು ಅದು. ಮೈಸೂರು ರಸ್ತೆಯಲ್ಲೋ ಮಾಗಡಿ ರಸ್ತೆಯಲ್ಲೋ ಒಮ್ಮೆ ಹೋಗಿಬಂದ ಕಾರಿನ ಮೇಲೆ ಈ ಕಣಗಳು ಲೆಕ್ಕವಿಲ್ಲದಷ್ಟು ಕುಳಿತಿರುತ್ತವೆ. ಅದರ ಮೇಲೆ ಒಣಬಟ್ಟೆಯನ್ನು ಒತ್ತಿ ಉಜ್ಜಿದರೆ, ಬಟ್ಟೆ ಉಪ್ಪುಕಾಗದವಾಗಿ ಕೆಲಸ ಮಾಡುತ್ತದೆ. ಗೀರುಗಳು ಎಲ್ಲ ದಿಕ್ಕಿಗೂ ಬೀಳುತ್ತವೆ. ಬೆಳಕಿಗೆ ಅಡ್ಡಲಾಗಿ ಬಿದ್ದವು ಮಾತ್ರ ಕಣ್ಣಿಗೆ ಮಿನುಗುವುದರಿಂದ ಸೂರ್ಯನ ಬಿಂಬದ ಸುತ್ತ ಬಳೆ ಬಳೆಯಾಗಿ ಕಾಣುತ್ತವೆ. ರಾಯರ ಜೇಡರ ಬಲೆ ಇದೇ.

"ಹಾಗಾದರೆ ಧಾರಾಳವಾಗಿ ನೀರು ಬಿಟ್ಟು ತೊಳೆಯಿರಿ, ಧೂಳು ಹರಿದುಹೋಗಲಿ" ಎನ್ನುತ್ತೀರಿ. ಸರಿಯಾದ ಮಾತೇ. ಆದರೆ ನೀರೆಲ್ಲಿದೆ? ೨೦೨೩ರಲ್ಲಿ ಮಳೆ ಕೈಕೊಟ್ಟು ೨೦೨೪ರ ಬೇಸಗೆಗೆ ನಮ್ಮ ಬೋರ್‌ವೆಲ್ಲುಗಳು ಬತ್ತಿದಾಗ, ಬೆಂಗಳೂರಿನ ಜಲಮಂಡಳಿ ಆ ಮಾರ್ಚಿಯಲ್ಲಿ ಒಂದು ಆಜ್ಞೆ ಹೊರಡಿಸಿತು: ಕುಡಿಯುವ ನೀರಿನಲ್ಲಿ ವಾಹನ ತೊಳೆಯಬಾರದು, ತೊಳೆದರೆ ೫,೦೦೦ ರೂಪಾಯಿ ದಂಡ. ೨೦೨೫ರ ಫೆಬ್ರವರಿಯಲ್ಲಿ ಮತ್ತೆ ಅದೇ ಆಜ್ಞೆ ಬಂತು. ತಪ್ಪನ್ನು ಮುಂದುವರಿಸಿದರೆ ದಿನಕ್ಕೆ ೫೦೦ ರೂಪಾಯಿ ಮೇಲುದಂಡ ಎಂದೂ ಸೇರಿತ್ತು. ಆಜ್ಞೆ ಇರಲಿ ಬಿಡಲಿ, ನೂರು ಕಿಲೋಮೀಟರು ದೂರದ ಕಾವೇರಿಯಿಂದ, ಅಷ್ಟು ಎತ್ತರಕ್ಕೆ ಪಂಪು ಮಾಡಿ ತಂದ ನೀರನ್ನು ಕಾರಿನ ಚಕ್ರಕ್ಕೆ ಸುರಿಯಲು ಯಾರ ಮನಸ್ಸು ಒಪ್ಪೀತು? ಪಕ್ಕದ ಬೀದಿಯಲ್ಲಿ ಕೊಡ ಹಿಡಿದು ಟ್ಯಾಂಕರಿಗೆ ಕಾದವರನ್ನು ಕಂಡ ಮೇಲೆ ನನ್ನದಂತೂ ಒಪ್ಪುವುದಿಲ್ಲ.

ಆದುದರಿಂದ ನೀರು ಅರ್ಧ ಬಕೆಟ್ಟಿಗೆ ಇಳಿದಿದೆ. ಅಲ್ಲಿಯೇ ಇರುವುದು ತೊಡಕು. ನೀರು ಕಡಮೆಯಾದಷ್ಟೂ ಬಟ್ಟೆಯ ಹೊಣೆ ಹೆಚ್ಚುತ್ತದೆ. ಮೊದಲು ನೀರು ಹೊತ್ತೊಯ್ಯುತ್ತಿದ್ದ ಧೂಳನ್ನು ಈಗ ಬಟ್ಟೆ ಹೊರಬೇಕು. ಹೊರಲಾರದ ಬಟ್ಟೆಯನ್ನು ಕೊಟ್ಟು, ನೀರನ್ನೂ ಕಡಮೆ ಕೊಟ್ಟು, ಗೀರು ಬಿದ್ದಾಗ ಹುಡುಗನನ್ನು ಬೈದರೆ ಅದು ನ್ಯಾಯವಲ್ಲ. ಈ ಹೊರೆಯನ್ನು ಹೊರಬಲ್ಲ ಬಟ್ಟೆಯೇ ಮೈಕ್ರೋಫೈಬರ್. ಸಿಗ್ನಲ್ಲುಗಳಲ್ಲಿ ನೀಲಿ, ಗುಲಾಬಿ, ಹಸುರು ಬಣ್ಣದಲ್ಲಿ ಮಾರುತ್ತಾರಲ್ಲ, ಅದು. ಆದರೆ ಆ ಹೆಸರಿನಲ್ಲಿ ಮಾರುವುದೆಲ್ಲವೂ ಅದಲ್ಲ.

ನಾನು ಹುಡುಗನಾಗಿದ್ದಾಗ, ಅರುವತ್ತರ ದಶಕದಲ್ಲಿ, ರಾಜಾಜಿನಗರದ ನಮ್ಮ ಬೀದಿಗೆಲ್ಲ ಒಂದೇ ಕಾರು, ಒಂದು ಫಿಯೆಟ್ಟು. ಅದರ ಯಜಮಾನರು ಭಾನುವಾರ ಬೆಳಗ್ಗೆ ಬನಿಯನ್ನು ತೊಟ್ಟು ತಾವೇ ಅದನ್ನು ತೊಳೆದು, ಷಾಮಿ ಎಂದು ಕರೆಯುತ್ತಿದ್ದ ಮೃದುವಾದ ತೊಗಲಿನಿಂದ ಒರಸುತ್ತಿದ್ದರು. ಕೈಗಾರಿಕಾ ಪ್ರದೇಶದ ವರ್ಕ್‌ಷಾಪುಗಳಲ್ಲಿ ಎಣ್ಣೆ ಕೈ ಒರಸಲು ಕಾಟನ್ ವೇಸ್ಟು. ಗಿರಣಿಗಳಲ್ಲಿ ಉಳಿದ ನೂಲಿನ ಉಂಡೆ. ಗಿರಣಿಗಳಿಗೇನು ಕಡಮೆ? ಬಿನ್ನಿ ಮಿಲ್ಲು, ಮಿನರ್ವಾ ಮಿಲ್ಲು, ಮಲ್ಲೇಶ್ವರದ ಬದಿಗೆ ರಾಜಾ ಮಿಲ್ಲು. ಹತ್ತಿಯ ಬಟ್ಟೆಯೆಂದರೆ ಪಶ್ಚಿಮ ಬೆಂಗಳೂರಿಗೆ ಮನೆಯ ಮಗಳಿದ್ದಂತೆ. ಆ ಗಿರಣಿಗಳು ನಿಂತವು. ಬಿನ್ನಿ ಮಿಲ್ಲಿನ ಜಾಗದಲ್ಲಿ ಎತ್ತರದ ಮನೆಗಳೆದ್ದವು, ರಾಜಾ ಮಿಲ್ಲಿನ ಜಾಗದಲ್ಲಿ ದೊಡ್ಡದೊಂದು ಮಾಲ್ ಬಂತು. ಬಟ್ಟೆಯ ಜಾತಿಯೂ ಬದಲಾಯಿತು.

ಈ ಹೊಸ ಬಟ್ಟೆಯ ಹುಟ್ಟೂರು ಜಪಾನು. ಟೋರೇ ಎಂಬ ಕಂಪೆನಿಯಲ್ಲಿ ಮಿಯೋಷಿ ಒಕಾಮೊಟೊ ಎಂಬ ವಿಜ್ಞಾನಿ ಅತಿ ಸೂಕ್ಷ್ಮವಾದ ಕೃತಕ ಎಳೆಯನ್ನು ತೆಗೆಯುವ ಉಪಾಯ ಕಂಡುಹಿಡಿದರು. ಅಷ್ಟು ನವುರಾದ ಎಳೆಯನ್ನು ನೇರವಾಗಿ ಎಳೆದರೆ ತುಂಡಾಗುತ್ತದೆ. ಅವರು ಮಾಡಿದ್ದೇನೆಂದರೆ, ಒಂದು ದಪ್ಪ ಎಳೆಯೊಳಗೆ ಕಡಲಿನಲ್ಲಿ ದ್ವೀಪಗಳಿರುವಂತೆ ಹಲವು ಸಣ್ಣ ಎಳೆಗಳನ್ನು ಹುದುಗಿಸಿ, ಆಮೇಲೆ ಕಡಲನ್ನು ಕರಗಿಸಿ ದ್ವೀಪಗಳನ್ನು ಉಳಿಸಿಕೊಂಡರು. ಆ ಎಳೆಯಿಂದ ಅವರ ಕಂಪೆನಿ ೧೯೭೦ರಲ್ಲಿ ಕೃತಕ ತೊಗಲೊಂದನ್ನು ಹೊರತಂದಿತು. ಒರಸುವ ಬಟ್ಟೆಯಾಗಿ ಅದರ ದಾಯಾದಿ ಮನೆ ಮನೆಗೆ ಬಂದದ್ದು ಆಮೇಲೆ.

ಎಳೆ ಎಷ್ಟು ಸಣ್ಣದು? ರೇಷ್ಮೆ ವ್ಯಾಪಾರದವರು ಡೆನಿಯರ್ ಎಂಬ ಅಳತೆಯನ್ನು ಬಲ್ಲರು. ಒಂಬತ್ತು ಸಾವಿರ ಮೀಟರು ಉದ್ದದ ಎಳೆ ಒಂದು ಗ್ರಾಂ ತೂಗಿದರೆ ಅದು ಒಂದು ಡೆನಿಯರ್. ವಿಜಯನಗರದಿಂದ ಕೆಂಗೇರಿಯವರೆಗೆ ಹೆಚ್ಚುಕಡಮೆ ಅಷ್ಟು ದೂರ. ಅಲ್ಲಿಂದ ಅಲ್ಲಿಗೆ ದಾರ ಕಟ್ಟಿ ಸುತ್ತಿ ತೂಗಿದರೆ ಒಂದು ಗ್ರಾಂ ಕೂಡ ಇರಬಾರದು. ಆಗ ಅದು ಮೈಕ್ರೋಫೈಬರ್. ರಾಮನಗರದ ಗೂಡಿನಿಂದ ಬಿಚ್ಚಿದ ರೇಷ್ಮೆಯ ಎಳೆಗಿಂತ ನವುರು.

ಆದರೆ ಕಾರಿಗೆ ನವುರು ಒಂದೇ ಸಾಲದು. ಒಳ್ಳೆಯ ಬಟ್ಟೆಯ ಎಳೆಯಲ್ಲಿ ಪಾಲಿಯೆಸ್ಟರ್, ನೈಲಾನು ಎರಡೂ ಸೇರಿರುತ್ತವೆ. ಸಾಮಾನ್ಯವಾಗಿ ನೂರಕ್ಕೆ ಎಂಬತ್ತು ಇಪ್ಪತ್ತು, ಇಲ್ಲವೆ ಎಪ್ಪತ್ತು ಮೂವತ್ತರ ಪ್ರಮಾಣ. ಈ ಎಳೆಯನ್ನು ಅಡ್ಡಲಾಗಿ ಕೊಯ್ದು ನೋಡಿದರೆ ಕಿತ್ತಳೆ ಹಣ್ಣನ್ನು ಕೊಯ್ದಂತೆ ತೊಳೆ ತೊಳೆಯಾಗಿ ಕಾಣುತ್ತದೆ. ಕಾರ್ಖಾನೆಯಲ್ಲಿ ಆ ತೊಳೆಗಳನ್ನು ಒಂದರಿಂದೊಂದು ಬಿಡಿಸುತ್ತಾರೆ. ಆಗ ಗುಂಡಗಿದ್ದ ಎಳೆ ಅಂಚುಳ್ಳ ಹಲವು ಎಳೆಗಳಾಗಿ, ನಡುವೆ ಕಣ್ಣಿಗೆ ಕಾಣದ ಸಂದುಗಳು ಏಳುತ್ತವೆ. ಹತ್ತಿ ನೀರನ್ನು ತನ್ನ ಎಳೆಯೊಳಕ್ಕೆ ಕುಡಿಯುತ್ತದೆ, ಇದು ಕುಡಿಯುವುದಿಲ್ಲ. ದೀಪದ ಬತ್ತಿ ಎಣ್ಣೆಯನ್ನು ಮೇಲಕ್ಕೆಳೆಯುವಂತೆ ಈ ಸಂದುಗಳು ನೀರನ್ನು ಎಳೆದು ಹಿಡಿಯುತ್ತವೆ. ಧೂಳಿನ ಕಣವೂ ಅಲ್ಲಿಯೇ ಅಡಗುತ್ತದೆ. ಕಾರಿನ ಮೈಮೇಲೆ ಉರುಳಾಡುವುದಿಲ್ಲ. ತೊಳೆ ಬಿಡಿಸದ ಅಗ್ಗದ ಬಟ್ಟೆ ಮುಟ್ಟಲು ಮೃದು. ಆದರೆ ನೀರನ್ನು ಎಳೆಯದೆ ಮುಂದಕ್ಕೆ ತಳ್ಳುತ್ತದೆ.

ಅಂಗಡಿಯಲ್ಲಿ ಇದನ್ನು ಕಂಡುಕೊಳ್ಳುವುದು ಹೇಗೆ? ಜೆ.ಸಿ. ರಸ್ತೆಯ ಮಳಿಗೆಯಾಗಲಿ, ನಿಮ್ಮ ಮನೆಯ ಹತ್ತಿರದ ಅಂಗಡಿಯಾಗಲಿ, ಕೆಲವು ಪರೀಕ್ಷೆಗಳು ನಿಮ್ಮ ಕೈಯಲ್ಲೇ ಇವೆ.

ಒಂದು, ಅಂಗೈಯ ಪರೀಕ್ಷೆ. ಬಟ್ಟೆಯನ್ನು ಒಣ ಅಂಗೈಯ ಮೇಲೆ ಮೆಲ್ಲಗೆ ಎಳೆಯಿರಿ. ತೊಳೆ ಬಿಡಿಸಿದ ಎಳೆ ಚರ್ಮದ ಒರಟಿಗೆ ಕಚ್ಚಿಕೊಂಡಂತಾಗುತ್ತದೆ. ಇಸ್ಸೆಂದು ಮೈ ಜುಮ್ಮೆನ್ನುತ್ತದೆ. ಕಚ್ಚದಿದ್ದರೆ ಸಂಶಯಪಡಿ. ಎರಡು, ತಟ್ಟೆಯ ಪರೀಕ್ಷೆ. ಒಂದನ್ನು ಮನೆಗೆ ತಂದು ಒಗೆದು, ಸ್ಟೀಲಿನ ತಟ್ಟೆಯಲ್ಲಿ ಎರಡು ಚಮಚ ನೀರು ಚೆಲ್ಲಿ ಅದರ ಮೇಲೆ ಎಳೆಯಿರಿ. ಒಂದೇ ಎಳೆತಕ್ಕೆ ತಟ್ಟೆ ಒಣಗಬೇಕು. ಮೂರು, ಮನೆಯಲ್ಲಿ ಹಾಡು ಕೇಳಿ ಬಿಟ್ಟ ಹಳೆಯ ಸಿ.ಡಿ. ಇದ್ದರೆ ಅದರ ಹೊಳೆಯುವ ಮೈಯನ್ನು ಬಟ್ಟೆಯಿಂದ, ಬಟ್ಟೆಯ ಅಂಚಿನಿಂದ ಉಜ್ಜಿ ಬೆಳಕಿಗೆ ಹಿಡಿಯಿರಿ. ಗೆರೆ ಬಿದ್ದರೆ ಕಾರಿನ ಮೇಲೂ ಬಿದ್ದೀತು.

ನಾಲ್ಕನೆಯದು ತಕ್ಕಡಿಯ ಪರೀಕ್ಷೆ. ಪೊಟ್ಟಣದ ಮೇಲೆ ಜಿ.ಎಸ್.ಎಂ. ಎಂದು ಒಂದು ಸಂಖ್ಯೆ ಇರುತ್ತದೆ. ಒಂದು ಚದರ ಮೀಟರು ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕ ಅದು. ನಲವತ್ತು ಸೆಂಟಿಮೀಟರು ಉದ್ದ, ಅಷ್ಟೇ ಅಗಲದ ಬಟ್ಟೆ ೩೫೦ ಜಿ.ಎಸ್.ಎಂ. ಎಂದು ಹೇಳಿಕೊಂಡರೆ ಅದು ೫೬ ಗ್ರಾಂ ತೂಗಬೇಕು. ನಲವತ್ತಕ್ಕೆ ಅರುವತ್ತರ ದೊಡ್ಡ ಬಟ್ಟೆ ೬೦೦ ಎಂದರೆ ೧೪೪ ಗ್ರಾಂ. ಅಡುಗೆಮನೆಯ ತಕ್ಕಡಿಯಲ್ಲಿಟ್ಟು ನೋಡಿ. ಒಂದೆರಡು ಗ್ರಾಂ ಹೆಚ್ಚುಕಡಮೆಯಾದರೆ ಆಗಲಿ. ನಾನು ತಂದ ಮೊದಲ ಕಂತಿನಲ್ಲಿ ೫೬ ಇರಬೇಕಾದದ್ದು ೩೮ ಇತ್ತು. ತೊಗರಿಬೇಳೆಯನ್ನು ತೂಗಿ ತರುವ ನಾವು ಬಟ್ಟೆಯನ್ನು ಬಾಯಿಮಾತಿನ ಮೇಲೆ ತರುತ್ತೇವೆ!

ಸಂಖ್ಯೆ ಹೆಚ್ಚಾದಷ್ಟೂ ಉತ್ತಮವೆಂದು ತಿಳಿಯಬೇಡಿ. ಗಾಜಿಗೆ ಇನ್ನೂರರಿಂದ ಮುನ್ನೂರರ, ಜೂಲಿಲ್ಲದ ತೆಳು ನೇಯ್ಗೆಯೇ ಸರಿ. ದಪ್ಪ ಬಟ್ಟೆ ಗಾಜಿನ ಮೇಲೆ ಮಬ್ಬು ಉಳಿಸುತ್ತದೆ. ಮೈ ಒರಸಲು, ಮೇಣ ತೆಗೆಯಲು ಮುನ್ನೂರೈವತ್ತರ ಸುತ್ತಮುತ್ತ. ನೀರು ಒತ್ತಿ ತೆಗೆಯಲು ಐನೂರರ ಮೇಲಿನ ದಪ್ಪ ಜೂಲಿನದು. ಅಂಚನ್ನೂ ನೋಡಬೇಕು. ಒರಟು ನೈಲಾನು ದಾರದ ಹೊಲಿಗೆ ಇದ್ದರೆ ಬಟ್ಟೆ ಎಷ್ಟು ಮೃದುವಾದರೂ ಆ ಅಂಚೇ ಗೀರು ಹಾಕುತ್ತದೆ. ಹೊಲಿಗೆಯಿಲ್ಲದೆ ಕತ್ತರಿಸಿದ್ದು, ಇಲ್ಲವೆ ಮೃದುವಾದ ಪಟ್ಟಿ ಸುತ್ತಿದ್ದು ಲೇಸು. ಕಂಪೆನಿಯ ಹೆಸರಿನ ಗಟ್ಟಿ ಚೀಟಿಯನ್ನು ಮನೆಗೆ ತಂದ ದಿನವೇ ಬಿಚ್ಚಿ ಎಸೆಯಿರಿ.

ಇನ್ನು ಬಳಸುವ ಕ್ರಮ. ಹೊಸ ಬಟ್ಟೆಯನ್ನು ಒಮ್ಮೆ ಒಗೆಯದೆ ಬಳಸಬಾರದು. ಬಿಡಿ ಎಳೆಗಳೂ ಹೆಚ್ಚಿನ ಬಣ್ಣವೂ ಹೋಗಬೇಕು. ಬಟ್ಟೆಯನ್ನು ಅಂಗವಸ್ತ್ರ ಮಡಿಸಿದಂತೆ ಎರಡು ಸಲ ಮಡಿಸಿ. ಆಗ ತಿರುವಿ ತಿರುವಿ ಬಳಸಲು ಎಂಟು ಮುಖಗಳು ಸಿಗುತ್ತವೆ. ಒಂದು ಮುಖ ಮಾಸಿದರೆ ಇನ್ನೊಂದಕ್ಕೆ ತಿರುಗಿ. ಮಾಸಿದ ಮುಖಕ್ಕೆ ಹಿಂದಿರುಗಬೇಡಿ. ಮೊದಲು ಮಾಡು, ಆಮೇಲೆ ಗಾಜು, ಬಾನೆಟ್ಟು, ಬಾಗಿಲ ಮೇಲ್ಭಾಗ, ಕೆಳಭಾಗ ಕೊನೆಗೆ. ಚಕ್ರಕ್ಕೆ ಬೇರೆಯೇ ಬಟ್ಟೆ. ಬ್ರೇಕಿನಿಂದ ಉದುರಿದ ಕಬ್ಬಿಣದ ಪುಡಿ ಅಲ್ಲಿರುತ್ತದೆ. ಆ ಬಟ್ಟೆ ಮೇಲಕ್ಕೆ ಬರಕೂಡದು. ಸುತ್ತು ಸುತ್ತಾಗಿ ಉಜ್ಜದೆ, ನೇರವಾಗಿ, ಬಟ್ಟೆಯ ಭಾರವಷ್ಟೇ ಬೀಳುವಂತೆ ಎಳೆಯಬೇಕು. ಒಣಧೂಳಿನ ಮೇಲೆ ಒಣಬಟ್ಟೆ ಎಂದೆಂದಿಗೂ ಬೇಡ. ಎರಡು ಅರೆ ಬಕೆಟ್ಟು ಇರಲಿ. ಒಂದರಲ್ಲಿ ಕಾರಿಗೆಂದೇ ಮಾಡಿದ ಸಾಬೂನಿನ ನೀರು, ಇನ್ನೊಂದರಲ್ಲಿ ಬಟ್ಟೆ ಅಲುಬುವ ನೀರು. ಅದಕ್ಕೆ ಕಾವೇರಿಯ ನೀರೇ ಆಗಬೇಕೆಂದಿಲ್ಲ. ತಾರಸಿಯಿಂದ ಹಿಡಿದಿಟ್ಟ ಮಳೆನೀರು ಎಲ್ಲಕ್ಕಿಂತ ಮೇಲು, ಏಕೆಂದರೆ ಅದು ಒಣಗಿದಾಗ ಬೋರ್‌ವೆಲ್ ನೀರಿನಂತೆ ಬಿಳಿ ಕಲೆ ಉಳಿಸುವುದಿಲ್ಲ. ಕೆಸರು ಗಟ್ಟಿಯಾಗಿ ಮೆತ್ತಿದ್ದರೆ ಮಾತ್ರ ಮೊದಲು ನೀರೆರಚಿ ನೆನೆಸಲೇಬೇಕು. ಅದಕ್ಕೆ ಯಾವ ಬಟ್ಟೆಯೂ ಬದಲಿಯಲ್ಲ.

ಆಯುಧಪೂಜೆಯ ಮಾರನೆಯ ದಿನ ಎಚ್ಚರ. ಅರಿಶಿನ, ಕುಂಕುಮ, ವಿಭೂತಿ ಬಾನೆಟ್ಟಿನ ಮೇಲೆ ಒಣಗಿ ಕುಳಿತಿರುತ್ತವೆ. ದೇವರ ಪ್ರಸಾದವೆಂದು ವಾರ ಬಿಟ್ಟು, ಆಮೇಲೆ ಒಣಗಿದ್ದನ್ನು ಕೆರೆದು ತೆಗೆಯುವವರನ್ನು ಕಂಡಿದ್ದೇನೆ. ಒದ್ದೆ ಬಟ್ಟೆಯನ್ನು ಅದರ ಮೇಲೆ ಐದು ನಿಮಿಷ ಹೊದಿಸಿ, ನೆನೆದ ಮೇಲೆ ಎತ್ತಿಕೊಳ್ಳಿ. ಹಕ್ಕಿಯ ಹಿಕ್ಕೆಗೂ, ಹೊಂಗೆಯ ಹೂವಿನ ಜಿಗಟಿಗೂ ಇದೇ ಉಪಚಾರ. ಬಟ್ಟೆ ಕೈಜಾರಿ ನೆಲಕ್ಕೆ ಬಿದ್ದರೆ ಆ ದಿನಕ್ಕೆ ಅದರ ಕೆಲಸ ಮುಗಿಯಿತು. ಕೊಡವಿದರೆ ಮರಳು ಹೋಗುವುದಿಲ್ಲ. ಧೂಳನ್ನು ಬಿಗಿಯಾಗಿ ಹಿಡಿಯುವುದೇ ಅದರ ಗುಣವಲ್ಲವೆ?

ಬಟ್ಟೆಯ ಆರೈಕೆ ಎಂಬುದು ನನ್ನ ಅಜ್ಜಿಯ ಮಡಿಯನ್ನು ನೆನಪಿಗೆ ತರುತ್ತದೆ. ಅಜ್ಜಿಯ ಸೀರೆಯನ್ನು ಬೇರೆ ಬಟ್ಟೆಯೊಡನೆ ನೆನೆಸುವಂತಿಲ್ಲ, ಬೇರೆಯವರು ಮುಟ್ಟುವಂತಿಲ್ಲ, ಕೋಲಿನಿಂದಲೇ ಗಳುವಿಗೆ ಹಾಕಬೇಕು. ನಾವೆಲ್ಲ ನಗುತ್ತಿದ್ದೆವು. ಈಗ ಈ ಬಟ್ಟೆಗೆ ಅದೇ ಮಡಿ. ಹತ್ತಿಬಟ್ಟೆಯೊಡನೆ ಒಗೆದರೆ ಹತ್ತಿಯ ನಾರೆಲ್ಲ ಇದಕ್ಕೆ ಅಂಟಿ, ಕಾರಿನ ಮೇಲೆ ಉದುರುತ್ತದೆ. ಬಟ್ಟೆ ಮೃದುವಾಗಲೆಂದು ವಾಷಿಂಗ್ ಮೆಷೀನಿಗೆ ಸುರಿಯುವ ಪರಿಮಳದ ದ್ರವವನ್ನು ಇದಕ್ಕೆ ಹಾಕಿದರೆ ಸಂದುಗಳು ಮುಚ್ಚಿಹೋಗುತ್ತವೆ. ಆಮೇಲೆ ಅದು ನೀರನ್ನು ಮುಟ್ಟುವುದಿಲ್ಲ. ಬ್ಲೀಚಿಂಗ್ ಪುಡಿಯೂ ಬೇಡ. ಸೋಪಿನ ಪುಡಿ ಕರಗದೆ ಎಳೆಯಲ್ಲಿ ಉಳಿಯುವುದರಿಂದ ದ್ರವ ಸಾಬೂನೇ ಮೇಲು, ಅದೂ ಸ್ವಲ್ಪ. ನೀರು ಉಗುರುಬೆಚ್ಚಗಿರಲಿ, ಕುದಿಯುವುದು ಬೇಡ. ಒಗೆಯುವ ಕಲ್ಲಿನ ಮೇಲೆ ಬಡಿಯುವುದಂತೂ ಬೇಡವೇ ಬೇಡ. ಎಳೆಯೂ ಹರಿಯುತ್ತದೆ, ಕಲ್ಲಿನ ಪುಡಿಯೂ ಸೇರುತ್ತದೆ. ಗಡಸು ನೀರಿನಿಂದ ಬಟ್ಟೆ ಬಿರುಸಾದರೆ ಕೊನೆಯ ಅಲುಬುವ ನೀರಿಗೆ ಅರ್ಧ ಲೋಟ ಬಿಳಿ ವಿನಿಗರ್ ಬೆರೆಸಿ ನೋಡಿ. ನೆರಳಿನಲ್ಲಿ, ಧೂಳಿಲ್ಲದ ಕಡೆ ಒಣಗಿಸಿ. ಇಸ್ತ್ರಿ ತೋರಿಸಬೇಡಿ, ಎಳೆ ಕರಗಿ ಗಂಟಾಗುತ್ತದೆ. ಒಣಗಿದ್ದನ್ನು ಮುಚ್ಚಳದ ಡಬ್ಬಿಯಲ್ಲಿಡಿ. ಕಾಲ ಕಳೆದು ಬಿರುಸಾದಾಗ ಮೈಯಿಂದ ಬಾಗಿಲ ಸಂದಿಗೆ, ಸಂದಿಯಿಂದ ಚಕ್ರಕ್ಕೆ, ಹೀಗೆ ಒಂದೊಂದೇ ಮೆಟ್ಟಿಲು ಇಳಿಸಿ. ಇಳಿದದ್ದು ಮತ್ತೆ ಏರಬಾರದು.

ಇಷ್ಟು ಹೊಗಳಿದ ಮೇಲೆ ಒಂದು ದೋಷವನ್ನೂ ಹೇಳದಿದ್ದರೆ ಮಾತು ಅರೆಯಾಗುತ್ತದೆ. ಈ ಬಟ್ಟೆ ಪ್ಲಾಸ್ಟಿಕ್ಕಿನದು. ಪ್ರತಿ ಸಲ ಒಗೆದಾಗಲೂ ಕಣ್ಣಿಗೆ ಕಾಣದ ನಾರುಗಳು ಅದರಿಂದ ಕಳಚಿ ನೀರಿನೊಡನೆ ಹೋಗುತ್ತವೆ. ಎಲ್ಲಿಗೆ ಹೋಗುತ್ತವೆ? ನಮ್ಮ ಪಶ್ಚಿಮ ಬಡಾವಣೆಗಳ ಚರಂಡಿಯ ದಾರಿ ವೃಷಭಾವತಿಗೆ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟಿದಳೆಂದು ಪ್ರತೀತಿಯಿರುವ ಹೊಳೆ ಅದು. ಗಾಳಿ ಆಂಜನೇಯನ ಗುಡಿಯ ಮಗ್ಗುಲಲ್ಲಿ, ಮೈಸೂರು ರಸ್ತೆಯ ಬದಿಯಲ್ಲಿ, ಕೆಂಗೇರಿಯನ್ನು ದಾಟಿ, ಬೈರಮಂಗಲದ ಕೆರೆಗೆ ಹೋಗಿ, ಅರ್ಕಾವತಿಯನ್ನು ಸೇರಿ, ಕಡೆಗೆ ಕಾವೇರಿಗೆ ಬೀಳುತ್ತದೆ. ಯಾವ ಕಾವೇರಿಯ ನೀರನ್ನು ಉಳಿಸಬೇಕೆಂದು ಈ ಬಟ್ಟೆಯನ್ನು ತಂದೆವೋ ಅದೇ ಕಾವೇರಿಗೆ ನಾರು ತುಂಬುವುದು ಸರಿಯೆ? ಹಾಗೆಂದು ಬಟ್ಟೆಯನ್ನೇ ಬಿಡಬೇಕೆಂದು ನಾನು ಹೇಳಲಾರೆ. ಬೇಕಾದಷ್ಟೇ ಕೊಳ್ಳೋಣ; ಒಂದು ಕಾರಿಗೆ ಆರು ಸಾಕು. ಒಂದೊಂದಾಗಿ ಒಗೆಯದೆ ಕೂಡಿಹಾಕಿ, ಬೆಚ್ಚಗಿನ ನೀರಿನಲ್ಲಿ ಮೆಲ್ಲಗೆ ಒಗೆಯೋಣ. ಹೆಚ್ಚು ಬಿಸಿ, ಹೆಚ್ಚು ಬಡಿತ, ಹೆಚ್ಚು ನಾರು. ಅಗ್ಗವೆಂದು ಡಜನ್ನುಗಟ್ಟಲೆ ತಂದು ತಿಂಗಳಿಗೊಮ್ಮೆ ಎಸೆಯದಿರೋಣ. ಮನೆಯೊಳಗಿನ ಮೇಜು, ಕಿಟಕಿ, ನೆಲಕ್ಕೆ ಹಳೆಯ ಪಂಚೆಯೇ ಸಾಕು. ಅದರ ಮಾನವೂ ಉಳಿಯಲಿ.

ಮತ್ತೆ ಆ ಹುಡುಗನ ಮಾತಿಗೆ ಬರುತ್ತೇನೆ. ಆರು ಬಟ್ಟೆ, ಎರಡು ಬಕೆಟ್ಟು ತಂದು ಅವನ ಮುಂದಿಟ್ಟೆ. ಮೈಗೆ ನೀಲಿ, ಗಾಜಿಗೆ ಹಸುರು, ಚಕ್ರಕ್ಕೆ ಕಂದು ಎಂದು ಪಾಠ ಮಾಡಿದೆ. ಅವನು ತಲೆಯಾಡಿಸಿ ಕೇಳಿ, ಕೊನೆಗೆ ಮೆಲ್ಲಗೆ ಹೇಳಿದ: "ಸಾರ್, ನಾನು ಬರೋ ಹೊತ್ತಿಗೆ ಬೀದಿದೀಪ ಬಿಟ್ರೆ ಬೆಳಕಿರಲ್ಲ. ಆ ಬೆಳಕಲ್ಲಿ ನೀಲಿ, ಹಸುರು, ಕಂದು ಎಲ್ಲಾ ಒಂದೇ ಥರ ಕಾಣ್ತವೆ." ನಾನು ಇಷ್ಟೆಲ್ಲ ವಿಚಾರಿಸಿದ್ದರೂ ಇದು ತೋಚಿರಲಿಲ್ಲ. ಉಪಾಯವನ್ನೂ ಅವನೇ ಹೇಳಿದ. ನನ್ನ ಹೆಂಡತಿ ಪ್ರತಿ ಬಟ್ಟೆಯ ಮೂಲೆಯಲ್ಲಿ ಮೆತ್ತನೆಯ ಹತ್ತಿದಾರದಿಂದ ಗಂಟು ಹಾಕಿಕೊಟ್ಟಳು: ಗಾಜಿಗೆ ಒಂದು, ಚಕ್ರಕ್ಕೆ ಎರಡು, ಮೈಯದಕ್ಕೆ ಗಂಟೇ ಇಲ್ಲ. ಬೆರಳು ಆಡಿಸಿದರೆ ಕತ್ತಲಲ್ಲೂ ತಿಳಿಯುತ್ತದೆ. ಇನ್ನೊಂದು ಮಾತನ್ನು ಅವನು ಹೇಳಲಿಲ್ಲ, ಗಡಿಯಾರ ಹೇಳಿತು. ಮೊದಲು ಹತ್ತು ನಿಮಿಷದ ಕೆಲಸ ಈಗ ಇಪ್ಪತ್ತು ನಿಮಿಷ. ಅವನ ಹೊತ್ತು ಎರಡರಷ್ಟಾದ ಮೇಲೆ ತಿಂಗಳ ಹಣ ಮೊದಲಿನಷ್ಟೇ ಇರುವುದು ಹೇಗೆ? ಅದನ್ನೂ ಸರಿಪಡಿಸಿದೆವು.

ಹಳೆಯ ಗೀರುಗಳು ಹಾಗೆಯೇ ಇವೆ. ಪಾಲಿಷ್ ಮಾಡಿಸಿದರೆ ಹೋಗುತ್ತವೆ ಎನ್ನುತ್ತಾರೆ. ಆದರೆ ಗೀರು ಹೋಗುವುದೆಂದರೆ ಅದರ ಸುತ್ತಲಿನ ಲೇಪವನ್ನು ಅಷ್ಟು ತೆಳುವಾಗಿಸುವುದು. ಇರುವುದೇ ಒಂದು ಕೂದಲಿಗಿಂತ ತೆಳುವಾದ ಲೇಪ. ಅದನ್ನೇಕೆ ಸವೆಸಲಿ ಎಂದು ಬಿಟ್ಟಿದ್ದೇನೆ. ಹೊಸ ಗೀರು ಬಿದ್ದಿಲ್ಲ. ಸಂಜೆ ಬಿಸಿಲಿಗೆ ಆ ಬಲೆ ಮಿನುಗಿದಾಗ, ಯಾರ ಕೈಯಲ್ಲಿ ಏನು ಕೊಟ್ಟು ಯಾರನ್ನು ಬೈದೆ ಎಂಬುದು ನೆನಪಿಗೆ ಬರುತ್ತದೆ. ಮೊನ್ನೆ ರಾಯರು ಗೇಟಿನ ಬಳಿ ನಿಂತು ತಮ್ಮ ಕಾರಿನ ಬಟ್ಟೆ ಎಂಥದೆಂದು ಕೇಳಿದರು. "ತಕ್ಕಡಿ ಇದೆಯೆ ಮನೆಯಲ್ಲಿ?" ಎಂದೆ. ನಿಮ್ಮನ್ನೂ ಅದನ್ನೇ ಕೇಳಿ ನನ್ನ ಮಾತು ಮುಗಿಸುತ್ತೇನೆ.